ಗುಂಪಲ್ಲಿ ಗೋವಿಂದ ಆಗದ ಹಾಗೆ: ಗಣಿತ ತರಗತಿಯ ಸಹಕಾರಿ ಕಲಿಕೆ, ಕೆಲವು ತಪ್ಪು ಕಲ್ಪನೆಗಳು

ಆರರಿಂದ ಎಂಟನೇ ತರಗತಿಯ ಗಣಿತದ ಪಾಠಯೋಜನೆ ತೆರೆದರೆ ‘ಗುಂಪು ಚಟುವಟಿಕೆ’ ಎಂಬ ಮಾತು ಎಲ್ಲಾದರೂ ಒಂದು ಕಡೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಮಕ್ಕಳನ್ನು ಐದೈದು ಮಂದಿಯಾಗಿ ಕೂರಿಸಿ, ಒಂದು ಲೆಕ್ಕ ಕೊಟ್ಟು, ಗುಂಪಿನ ನಾಯಕ ಎದ್ದು ನಿಂತು ಉತ್ತರ ಓದಿದರೆ ಆ ಕಲಂ ಭರ್ತಿಯಾಯಿತು. ಉಳಿದ ನಾಲ್ವರು ಏನು ಕಲಿತರು ಎಂದು ಕೇಳುವ ಕಲಂ ಮಾತ್ರ ಆ ಹಾಳೆಯಲ್ಲಿ ಇಲ್ಲ.

ಸಹಕಾರಿ ಕಲಿಕೆ ಎಂಬ ಒಂದೇ ಹೆಸರಿನಡಿ ಕಳೆದ ಐವತ್ತು ವರ್ಷಗಳಲ್ಲಿ ಹುಟ್ಟಿದ ಪದ್ಧತಿಗಳು ಹತ್ತಾರು. ಕೆಲವಕ್ಕೆ ಒಳ್ಳೆಯ ಪುರಾವೆ ಇದೆ, ಕೆಲವಕ್ಕೆ ಒಳ್ಳೆಯ ಹೆಸರು ಮಾತ್ರ ಇದೆ. ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವವರು ಮೊದಲು ಎರಡು ಸಂಗತಿ ನೋಡಬೇಕು: ಅಂಕ ಯಾರ ಹೆಸರಿಗೆ ಬೀಳುತ್ತದೆ, ವಿವರಿಸುವ ಹೊಣೆ ಯಾರ ಮೇಲಿದೆ. ತಪ್ಪು ಕಲ್ಪನೆಗಳೆಲ್ಲ ಹುಟ್ಟುವುದು ಈ ಎರಡನ್ನು ನೋಡದೆ ಬೆಂಚು ತಿರುಗಿಸಿದಾಗ.

ತಪ್ಪು ಕಲ್ಪನೆ: ಗುಂಪಾಗಿ ಕೂರಿಸಿದರೆ ಸಹಕಾರಿ ಕಲಿಕೆ ಆದಂತೆ

ಗುಂಪಾಗಿ ಕೂತವರು ಒಟ್ಟಾಗಿ ದುಡಿಯುತ್ತಾರೆ ಎಂದೇನೂ ಇಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಜನರಿಂದ ಹಗ್ಗ ಎಳೆಸಿ ಬಲ ಅಳೆದು, ಅದರ ಫಲಿತಾಂಶವನ್ನು 1913ರಲ್ಲಿ ಪ್ರಕಟಿಸಿದ. ಎಳೆಯುವವರು ಹೆಚ್ಚಿದಷ್ಟೂ ತಲೆಗೆ ಬೀಳುವ ಎಳೆತ ಕಡಿಮೆಯಾಗುತ್ತಿತ್ತು. 1979ರಲ್ಲಿ ಬಿಬ್ ಲಟಾನೆ ಮತ್ತು ಸಂಗಡಿಗರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಂದ ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದರು. ಅಲ್ಲೂ ಅದೇ ಕಥೆ. ತನ್ನ ಪಾಲು ಎಷ್ಟೆಂದು ಯಾರೂ ಅಳೆಯುವುದಿಲ್ಲ ಎಂದು ಗೊತ್ತಾದ ಕೂಡಲೇ ಮನುಷ್ಯ ಗುಂಪಲ್ಲಿ ಗೋವಿಂದ ಎನ್ನುತ್ತಾನೆ. ಏಳನೇ ತರಗತಿಯ ಹುಡುಗನೂ ಮನುಷ್ಯನೇ.

ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಲೇವಿನ್ ಈ ವಿಷಯದ ಮೇಲೆ ದಶಕಗಳ ಕಾಲ ಕೆಲಸ ಮಾಡಿದವರು. ಅದುವರೆಗಿನ ಅಧ್ಯಯನಗಳನ್ನು 1995ರಲ್ಲಿ ಒಟ್ಟುಗೂಡಿಸಿದಾಗ ಅವರು ಕಂಡದ್ದು ಇದು. ಗುಂಪಿಗೊಂದು ಗುರಿ ಇದ್ದು, ಆ ಗುರಿ ಮುಟ್ಟಲು ಪ್ರತಿ ಮಗುವೂ ಒಂಟಿಯಾಗಿ ಬರೆದ ಪರೀಕ್ಷೆಯ ಅಂಕ ಕೂಡಬೇಕಿದ್ದ ಅಧ್ಯಯನಗಳು 64. ಅವುಗಳಲ್ಲಿ 50ರಲ್ಲಿ ಕಲಿಕೆ ಸ್ಪಷ್ಟವಾಗಿ ಹೆಚ್ಚಿತ್ತು. ಸಂಖ್ಯಾಶಾಸ್ತ್ರದಲ್ಲಿ ‘ಪರಿಣಾಮದ ಗಾತ್ರ’ ಎನ್ನುವ ಅಳತೆಯ ಮಧ್ಯಾಂಕ 0.32. ಗುಂಪಿಗೆಲ್ಲ ಸೇರಿ ಒಂದೇ ಹಾಳೆ, ಒಂದೇ ಉತ್ತರ ಇದ್ದಲ್ಲಿ, ಅಥವಾ ಗುಂಪಿಗೆ ಗುರಿಯೇ ಇಲ್ಲದಲ್ಲಿ ಅದು 0.07. ಇದನ್ನು ತರಗತಿಯ ಭಾಷೆಯಲ್ಲಿ ಹೇಳುವುದಾದರೆ, ನೂರು ಮಕ್ಕಳ ಸಾಲಿನಲ್ಲಿ 50ನೇ ಸ್ಥಾನದಲ್ಲಿದ್ದ ಮಗು ಮೊದಲ ಬಗೆಯಲ್ಲಿ ಹೆಚ್ಚುಕಡಿಮೆ 38ನೇ ಸ್ಥಾನಕ್ಕೆ ಏರುತ್ತದೆ, ಎರಡನೆಯದರಲ್ಲಿ 47ಕ್ಕೆ. ನಮ್ಮ ಪಾಠಯೋಜನೆಯ ‘ನಾಯಕ ಉತ್ತರ ಓದುವುದು’ ಎರಡನೆಯ ಗುಂಪಿಗೆ ಸೇರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ತಪ್ಪು ಕಲ್ಪನೆ: ಹುಷಾರಾದ ಮಗುವಿಗೆ ನಷ್ಟ, ಹಿಂದುಳಿದ ಮಗು ಗುಂಪಿಗೆ ಹೊರೆ

ಪೋಷಕರ ಸಭೆಯಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳುವ ದೂರು ಇದು. ‘ನಮ್ಮ ಹುಡುಗಿ ಬೇರೆಯವರಿಗೆ ಹೇಳಿಕೊಡೋದ್ರಲ್ಲೇ ದಿನ ಕಳೀತಾಳೆ ಮೇಡಂ.’ ಇದಕ್ಕೆ ಸ್ಲೇವಿನ್ ಬಳಗದ ‘ಸ್ಟೂಡೆಂಟ್ ಟೀಮ್ಸ್ ಅಚೀವ್‌ಮೆಂಟ್ ಡಿವಿಷನ್ಸ್’, ಅಂದರೆ ಸ್ಟ್ಯಾಡ್ ಪದ್ಧತಿ ಕಂಡುಕೊಂಡ ಉಪಾಯ ಸ್ವಾರಸ್ಯದ್ದು. ಮೇಷ್ಟ್ರು ಎಂದಿನಂತೆ ಪಾಠ ಮಾಡುತ್ತಾರೆ. ಮುಂದೆ ಇದ್ದವರು, ನಡುವಿನವರು, ಹಿಂದುಳಿದವರು ಸೇರಿದ ನಾಲ್ಕೈದು ಜನರ ತಂಡ ಲೆಕ್ಕಗಳನ್ನು ಅಭ್ಯಾಸ ಮಾಡುತ್ತದೆ. ತಂಡಕ್ಕೆ ಅಭ್ಯಾಸ ಹಾಳೆ ಕೊಡುವುದು ಎರಡೇ, ಆಗ ತಲೆಗಳು ಹತ್ತಿರ ಬರಲೇಬೇಕು. ಆಮೇಲೆ ಕಿರುಪರೀಕ್ಷೆ. ಅದನ್ನು ಪ್ರತಿಯೊಬ್ಬರೂ ಒಬ್ಬರೇ ಬರೆಯಬೇಕು, ತುಟಿ ಪಿಟಕ್ಕೆನ್ನುವಂತಿಲ್ಲ.

ಗುಟ್ಟು ಇರುವುದು ಅಂಕ ಕೂಡಿಸುವ ರೀತಿಯಲ್ಲಿ. ಪ್ರತಿ ಮಗುವಿಗೂ ಅದರ ಹಿಂದಿನ ಪರೀಕ್ಷೆಗಳ ಸರಾಸರಿಯೇ ಆಧಾರ ಅಂಕ. ಆಧಾರಕ್ಕಿಂತ 10ಕ್ಕೂ ಹೆಚ್ಚು ಅಂಕ ಇಳಿದರೆ ತಂಡಕ್ಕೆ 5 ಪಾಯಿಂಟ್. 1ರಿಂದ 10ರವರೆಗೆ ಇಳಿದರೆ 10. ಆಧಾರದಷ್ಟೇ ಬಂದರೆ ಅಥವಾ 10ರವರೆಗೆ ಏರಿದರೆ 20. 10ಕ್ಕಿಂತ ಹೆಚ್ಚು ಏರಿದರೆ, ಇಲ್ಲವೇ ಎಲ್ಲ ಉತ್ತರ ಸರಿಯಾದರೆ 30.

ಒಂದು ತಂಡವನ್ನು ಕಲ್ಪಿಸಿಕೊಳ್ಳಿ. ಶ್ವೇತಾಳ ಆಧಾರ 92, ಈ ಸಲ 90. ಮಂಜು 65ರಿಂದ 70ಕ್ಕೆ. ಫಾತಿಮಾ 60ರಿಂದ 72ಕ್ಕೆ. ಬಸವ 28ರಿಂದ 40ಕ್ಕೆ. ಮಾರ್ಕ್ಸ್ ಕಾರ್ಡಿನ ಕಣ್ಣಿಗೆ ಶ್ವೇತಾ ಮೊದಲು, ಬಸವ ಕೊನೆ. ತಂಡದ ಲೆಕ್ಕದಲ್ಲಿ ಶ್ವೇತಾ ತಂದದ್ದು 10, ಮಂಜು 20, ಫಾತಿಮಾ 30, ಬಸವನೂ 30. ಹೊರೆ ಅಂದುಕೊಂಡಿದ್ದ ಹುಡುಗ ಮೊದಲನೆಯವಳ ಮೂರು ಪಟ್ಟು ಪಾಯಿಂಟ್ ತಂದ. ಇನ್ನು ಮುಂದೆ ಅವನಿಗೆ ಭಿನ್ನರಾಶಿ ಅರ್ಥವಾಗಿದೆಯೇ ಇಲ್ಲವೇ ಎಂಬುದು ಶ್ವೇತಾಳ ಸ್ವಂತ ಕಾಳಜಿಯೂ ಆಗುತ್ತದೆ. ಅವಳೂ ಸುಮ್ಮನೆ ಕೂರುವಂತಿಲ್ಲ, 100ಕ್ಕೆ 100 ಬಂದರೆ ಮಾತ್ರ ಅವಳಿಗೆ 30.

ಹೇಳಿಕೊಟ್ಟ ಮಗು ಹೇಳಿಸಿಕೊಂಡ ಮಗುವಿಗಿಂತ ಹೆಚ್ಚು ಕಲಿಯುತ್ತದೆ ಎಂಬುದನ್ನು ಮುಂದೆ ನೋಡೋಣ. ಆದರೆ ಈ ದೂರಿನ ಹಿಂದೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ಅಡಗಿದೆ: ನಡುವಿನ ಮಗುವಿನ ಗತಿ ಏನು? ಕೆನಡಾದ ಯಿಪಿಂಗ್ ಲೌ ಮತ್ತು ಸಂಗಡಿಗರು 1996ರಲ್ಲಿ ನಡೆಸಿದ ದೊಡ್ಡ ಅವಲೋಕನದಲ್ಲಿ ಹಿಂದುಳಿದ ಮಕ್ಕಳು ಮಿಶ್ರ ಗುಂಪಿನಲ್ಲಿ ಹೆಚ್ಚು ಕಲಿತರು. ಮುಂದೆ ಇದ್ದವರಿಗೆ ಮಿಶ್ರವೋ ಸಮವೋ ವ್ಯತ್ಯಾಸವಾಗಲಿಲ್ಲ. ನಡುವಿನವರು ಮಾತ್ರ ತಮ್ಮಂಥವರ ಜೊತೆಯಲ್ಲೇ ಚೆನ್ನಾಗಿ ಕಲಿತರು. ಮೇಲಿನವರು ಕೆಳಗಿನವರಿಗೆ ಹೇಳಿಕೊಡುವಾಗ ಮಂಜುವನ್ನು ಯಾರೂ ಕೇಳುವುದಿಲ್ಲ, ಅವನೂ ಯಾರನ್ನೂ ಕೇಳುವುದಿಲ್ಲ. ಪೋಷಕರ ಸಭೆಯಲ್ಲಿ ನಿಜಕ್ಕೂ ದೂರಬೇಕಾದವರು ಮಂಜುವಿನ ಅಪ್ಪ ಅಮ್ಮ. ಅವರು ಸಾಮಾನ್ಯವಾಗಿ ಮಾತಾಡುವುದಿಲ್ಲ.

ತಪ್ಪು ಕಲ್ಪನೆ: ಜಿಗ್ಸಾ ಯಾವ ಪಾಠಕ್ಕಾದರೂ ಹೊಂದುತ್ತದೆ

ತರಬೇತಿಗಳಲ್ಲಿ ಜಿಗ್ಸಾಕ್ಕಿರುವಷ್ಟು ಜನಪ್ರಿಯತೆ ಇನ್ನಾವ ಪದ್ಧತಿಗೂ ಇಲ್ಲ. ಹಾಗಾಗಿ ಅದರ ಹುಟ್ಟನ್ನು ತಿಳಿಯುವುದು ಒಳ್ಳೆಯದು. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಯಲ್ಲಿ ಕೂತಾಗ ಜಗಳ, ದ್ವೇಷ ಹೊತ್ತಿಕೊಂಡಿತು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಪಾಠವನ್ನೇ ತುಂಡು ಮಾಡಿ ಹಂಚಿದರು. ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರ್ ಜೀವನಚರಿತ್ರೆಯಲ್ಲಿ ಬಾಲ್ಯ ಒಬ್ಬನಿಗೆ, ಅಮೆರಿಕಕ್ಕೆ ಬಂದದ್ದು ಇನ್ನೊಬ್ಬಳಿಗೆ, ಹೀಗೆ. ಒಂದೇ ತುಂಡು ಪಡೆದವರು ಬೇರೆ ಗುಂಪುಗಳಿಂದ ಬಂದು ಸೇರಿ ಚರ್ಚಿಸಿ, ತಮ್ಮ ಗುಂಪಿಗೆ ಮರಳಿ ಉಳಿದವರಿಗೆ ಹೇಳುತ್ತಾರೆ. ಪಕ್ಕದವನ ಮಾತು ಕೇಳದೆ ಪೂರ್ತಿ ಪಾಠ ಸಿಗುವುದಿಲ್ಲ. ಉದ್ದೇಶ ಹಗೆ ತಗ್ಗಿಸುವುದು, ವಿಷಯ ಸಮಾಜ.

ಪುಲಿಟ್ಜರ್ ಬಾಲ್ಯ ಓದದಿದ್ದರೂ ಅವನ ಪತ್ರಿಕೆಯ ಕಥೆ ಅರ್ಥವಾಗುತ್ತದೆ. ಗಣಿತ ಹಾಗಲ್ಲ. ಪೂರ್ಣಾಂಕಗಳ ಕಳೆಯುವಿಕೆ ಒಬ್ಬನಿಗೆ, ಗುಣಾಕಾರ ಇನ್ನೊಬ್ಬಳಿಗೆ ಎಂದು ಹಂಚಿದರೆ, ಋಣ ಇಂಟು ಋಣ ಏಕೆ ಧನ ಎಂದು ಹೇಳಬೇಕಾದ ಹುಡುಗಿ ತಾನೇ ಅರ್ಧ ಕಲಿತದ್ದನ್ನು ಮೂವರಿಗೆ ಹಂಚುತ್ತಾಳೆ. ಅವಳ ತಪ್ಪು ಮೂವರದೂ ಆಗುತ್ತದೆ. ಗಣಿತದಲ್ಲಿ ಜಿಗ್ಸಾ ಸಲ್ಲುವ ಜಾಗಗಳಿವೆ: ದತ್ತಾಂಶಗಳ ನಿರ್ವಹಣೆಯಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಮೂರೂ ಒಂದನ್ನೊಂದು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಒಂದೇ ಲೆಕ್ಕವನ್ನು ಮೂರು ದಾರಿಯಲ್ಲಿ ಬಿಡಿಸಿ ತರುವುದೂ ಆದೀತು. ಸಮಾಂತರ ಚತುರ್ಭುಜದ ವಿಸ್ತೀರ್ಣ ತಿಳಿಯದವನಿಗೆ ತ್ರಿಭುಜದ ವಿಸ್ತೀರ್ಣ ಕೊಟ್ಟು ಕಳಿಸಬಾರದು, ಅಷ್ಟೇ. ಅಂದ ಹಾಗೆ, ಫ್ರಾನ್ಸಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಐದು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಜಿಗ್ಸಾದಿಂದ ಕಲಿಕೆಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಮಕ್ಕಳ ನಡುವೆ ಸ್ನೇಹ ಬೆಳೆಸಲು ಕಟ್ಟಿದ ಪದ್ಧತಿಯಿಂದ ಬೀಜಗಣಿತ ನಿರೀಕ್ಷಿಸಿದರೆ ತಪ್ಪು ಪದ್ಧತಿಯದಲ್ಲ.

ತಪ್ಪು ಕಲ್ಪನೆ: ಸ್ಪರ್ಧೆ ಇದ್ದರೆ ಅದು ಸಹಕಾರವಲ್ಲ

ಜಾನ್ಸ್ ಹಾಪ್ಕಿನ್ಸ್‌ನಲ್ಲೇ ಹುಟ್ಟಿದ ‘ಟೀಮ್ಸ್ ಗೇಮ್ಸ್ ಟೂರ್ನಮೆಂಟ್’ ಇದಕ್ಕೆ ಉತ್ತರ. ಅಭ್ಯಾಸದವರೆಗೂ ಇದು ಸ್ಟ್ಯಾಡ್‌ನಂತೆಯೇ. ಕಿರುಪರೀಕ್ಷೆಯ ಬದಲು ಆಟ. ಬೇರೆಬೇರೆ ತಂಡಗಳ ಹೆಚ್ಚುಕಡಿಮೆ ಸಮಬಲದ ಮೂವರು ಒಂದು ಮೇಜಿಗೆ ಕೂತು ಚೀಟಿ ಎತ್ತಿ ಲೆಕ್ಕ ಬಿಡಿಸುತ್ತಾರೆ. ಎದುರಾಳಿಯ ಉತ್ತರ ತಪ್ಪೆನಿಸಿದರೆ ಸವಾಲು ಹಾಕಬಹುದು. ಗೆದ್ದವರು ತಂಡಕ್ಕೆ 60 ಪಾಯಿಂಟ್ ಒಯ್ಯುತ್ತಾರೆ, ನಡುವಿನವರು 40, ಕೊನೆಯವರು 20. ಹಿಂದುಳಿದವರ ಮೇಜಿನಲ್ಲಿ ಗೆದ್ದರೂ 60, ಜಾಣರ ಮೇಜಿನಲ್ಲಿ ಗೆದ್ದರೂ 60. ಮುಂದಿನ ಸುತ್ತಿಗೆ ಗೆದ್ದವರು ಮೇಲಿನ ಮೇಜಿಗೆ, ಸೋತವರು ಕೆಳಗಿನದಕ್ಕೆ. ಪುನರಾವರ್ತನೆಗೆ ಇದು ಹೇಳಿ ಮಾಡಿಸಿದ್ದು. ಹೊಸ ಪರಿಕಲ್ಪನೆ ಕಲಿಸಲು ಅಲ್ಲ, ಏಕೆಂದರೆ ಗೆಲ್ಲುವ ಆತುರದಲ್ಲಿ ‘ಯಾಕೆ’ ಎಂದು ಕೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ.

ತಪ್ಪು ಕಲ್ಪನೆ: ಜೊತೆಗೆ ಕೂತರೆ ಮಕ್ಕಳು ತಾವಾಗಿಯೇ ಒಬ್ಬರಿಗೊಬ್ಬರು ವಿವರಿಸುತ್ತಾರೆ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ನೊರೀನ್ ವೆಬ್ ಮಾಧ್ಯಮಿಕ ಹಂತದ ಗಣಿತ ತರಗತಿಗಳಲ್ಲಿ ಮಕ್ಕಳ ಮಾತನ್ನು ವರ್ಷಗಟ್ಟಲೆ ಧ್ವನಿಮುದ್ರಿಸಿ, ಒಂದೊಂದು ಮಾತನ್ನೂ ಬಿಡಿಸಿ ನೋಡಿದರು. ಯಾರು ಯಾರಿಗೆ ಏನು ಹೇಳಿದರು, ಆಮೇಲೆ ಪರೀಕ್ಷೆಯಲ್ಲಿ ಏನಾಯಿತು. ಬಿಡಿಸಿ ವಿವರಿಸಿದ ಮಗು ಖಂಡಿತ ಕಲಿಯುತ್ತದೆ. ಬರೀ ಉತ್ತರ ಪಡೆದ ಮಗು ಕಲಿಯುವುದಿಲ್ಲ, ಎಷ್ಟೋ ಸಲ ಹಿಂದೆಯೇ ಬೀಳುತ್ತದೆ. ವಿವರಣೆ ಪಡೆದ ಮಗು? ಅಲ್ಲಿ ಷರತ್ತುಗಳಿವೆ: ಕೇಳಿದ್ದಕ್ಕೆ ತಕ್ಕ ವಿವರಣೆಯಾಗಿರಬೇಕು, ಬೇಕಾದ ಹೊತ್ತಿಗೆ ಸಿಗಬೇಕು, ಆ ಮಗು ಅದನ್ನು ಬಳಸಿ ತಾನೇ ಒಂದು ಲೆಕ್ಕ ಬಿಡಿಸಿ ನೋಡಬೇಕು. ಕೊನೆಯದು ತಪ್ಪಿದರೆ ಉಳಿದ ಎರಡೂ ನೀರಿಗೆ.

ಏಳನೇ ತರಗತಿಯ ಒಂದು ಲೆಕ್ಕ ತೆಗೆದುಕೊಳ್ಳಿ: ಮುಕ್ಕಾಲನ್ನು ಅರ್ಧದಿಂದ ಭಾಗಿಸಿದರೆ ಎಷ್ಟು? ಸಾಮಾನ್ಯ ಗುಂಪಿನಲ್ಲಿ ಕೇಳುವ ಮಾತು ಹೀಗಿರುತ್ತದೆ: ‘ಏಯ್, ಎರಡನೇದನ್ನ ಉಲ್ಟಾ ಮಾಡೋ, ಗುಣಿಸು, ಒಂದೂವರೆ, ಬರ್ಕೊ.’ ಸಹಾಯ ಸಿಕ್ಕಿತು, ಕಲಿಕೆ ಆಗಲಿಲ್ಲ. ಇನ್ನೊಂದು ಗುಂಪಿನ ಮಾತು ಕೇಳಿ: ‘ಮುಕ್ಕಾಲು ಲೀಟರ್ ಹಾಲು ಇದೆ ಅನ್ಕೊ. ಅರ್ಧ ಲೀಟರ್ ಹಿಡಿಯೋ ಬಾಟಲಿಗೆ ಹಾಕ್ಬೇಕು. ಎಷ್ಟು ಬಾಟಲಿ ಬೇಕು?’ ‘ಒಂದು ತುಂಬುತ್ತೆ, ಕಾಲು ಲೀಟರ್ ಉಳಿಯುತ್ತೆ. ಹಂಗಾದ್ರೆ ಒಂದೂಕಾಲು.’ ‘ಕಾಲು ಲೀಟರ್ ಅಂದ್ರೆ ಎಷ್ಟು ಬಾಟಲಿ?’ ‘...ಅರ್ಧ ಬಾಟಲಿ.’ ಒಂದೂಕಾಲು ಎಂಬ ಆ ತಪ್ಪು ಅಪ್ಪಟ ಚಿನ್ನ. ಉಳಿದದ್ದನ್ನು ಲೀಟರಿನಲ್ಲಿ ಅಳೆಯಬೇಕೋ ಬಾಟಲಿಯಲ್ಲಿ ಅಳೆಯಬೇಕೋ ಎಂಬ ಗೊಂದಲವೇ ಭಿನ್ನರಾಶಿ ಭಾಗಾಕಾರದ ಇಡೀ ಸಾರ. ಮೊದಲ ಗುಂಪಿನಲ್ಲಿ ಅದು ಮೇಲೆ ಬರುವ ಅವಕಾಶವೇ ಇರಲಿಲ್ಲ.

ಈ ಎರಡನೇ ಬಗೆಯ ಮಾತು ತಾನಾಗಿ ಬರುವುದಿಲ್ಲ. ವೆಬ್ ಮತ್ತು ಸಿಡ್ನಿ ಫಾರಿವಾರ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಹಾಯ ಕೇಳುವುದು ಹೇಗೆ, ಕೊಡುವುದು ಹೇಗೆ ಎಂಬುದನ್ನು ಮಕ್ಕಳಿಗೆ ಗಣಿತದಷ್ಟೇ ಗಂಭೀರವಾಗಿ ಕಲಿಸಲಾಯಿತು. ಮುಂದೆ 2006ರಲ್ಲಿ ವೆಬ್ ತಂಡ ಬರೆದದ್ದು ನಮಗೆ ಸ್ವಲ್ಪ ಕಸಿವಿಸಿ ತರುವಂಥದ್ದು: ಗುಂಪಿನಲ್ಲಿ ಸಹಾಯ ಮಾಡುವ ಮಕ್ಕಳ ಮಾತು ಅವರ ಶಿಕ್ಷಕರ ಮಾತಿನ ಪಡಿಯಚ್ಚು. ಶಿಕ್ಷಕರು ಬೋರ್ಡಿನ ಮುಂದೆ ನಿಂತು ‘ಏಳೆಂಟಲ? ಐವತ್ತಾರು. ಆರು ಬರೀರಿ, ಐದು ಮೇಲೆ’ ಎಂದು ಲೆಕ್ಕದ ಹೆಜ್ಜೆಗಳನ್ನಷ್ಟೇ ಕೇಳುತ್ತಿದ್ದರೆ ಮಕ್ಕಳೂ ಪಕ್ಕದವರಿಗೆ ಅದನ್ನೇ ಕೇಳುತ್ತಾರೆ. ಗುಂಪು ಕೆಲಸದ ಗುಣಮಟ್ಟ ಗುಂಪು ಕಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ.

ಇಸ್ರೇಲಿನ ಝೆಮಿರಾ ಮೆವರೆಕ್ ಮತ್ತು ಬ್ರಾಖಾ ಕ್ರಮಾರ್‌ಸ್ಕಿ ಮಕ್ಕಳ ಈ ಮಾತನ್ನೇ ತಿದ್ದಲು ಇದಕ್ಕೂ ಮೊದಲು, 1997ರಲ್ಲೇ, ಏಳನೇ ತರಗತಿಗೆ ‘ಇಂಪ್ರೂವ್’ ಎಂಬ ಪದ್ಧತಿ ಮುಂದಿಟ್ಟರು. ಗುಂಪಿನ ಮಕ್ಕಳು ಪ್ರತಿ ಲೆಕ್ಕಕ್ಕೂ ಸರದಿಯಂತೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು: ಇಲ್ಲಿ ಏನು ಕೇಳಿದ್ದಾರೆ? ಹಿಂದೆ ಮಾಡಿದ ಲೆಕ್ಕಕ್ಕೂ ಇದಕ್ಕೂ ಹೋಲಿಕೆ ಏನು, ವ್ಯತ್ಯಾಸ ಏನು? ಯಾವ ದಾರಿ ಹಿಡಿಯೋಣ, ಯಾಕೆ? ಬಂದ ಉತ್ತರ ಸರಿ ಅನ್ನಿಸುತ್ತಾ? 2003ರಲ್ಲಿ ಅವರು ಎಂಟನೇ ತರಗತಿಯ 384 ಮಕ್ಕಳನ್ನು ನಾಲ್ಕು ಬಗೆಯಾಗಿ ಹಂಚಿ ರೇಖಾತ್ಮಕ ನಕ್ಷೆಗಳ ಪಾಠ ಮಾಡಿಸಿದರು. ಗುಂಪು ಮತ್ತು ಪ್ರಶ್ನೆಗಳು ಎರಡೂ ಇದ್ದವರು ಎಲ್ಲರಿಗಿಂತ ಮುಂದೆ. ಒಂಟಿಯಾಗಿ ಕೂತು ಈ ಪ್ರಶ್ನೆಗಳನ್ನು ತಮಗೇ ಕೇಳಿಕೊಂಡವರು ಎರಡನೆಯವರು. ಪ್ರಶ್ನೆಗಳಿಲ್ಲದ ಗುಂಪು ಅವರಿಗಿಂತ ಹಿಂದೆ ಉಳಿಯಿತು. ಬೆಂಚು ತಿರುಗಿಸುವವರು ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಬೇಕು.

ತಪ್ಪು ಕಲ್ಪನೆ: ಮಾತಾಡದ ಮಗುವಿಗೆ ಗೊತ್ತಿಲ್ಲ

ಸ್ಟ್ಯಾನ್‌ಫರ್ಡ್‌ನ ಸಮಾಜಶಾಸ್ತ್ರಜ್ಞೆ ಎಲಿಜಬೆತ್ ಕೋಹೆನ್ ಗುಂಪಿನೊಳಗಿನ ಅಂತಸ್ತನ್ನು ಅಳೆದವರು. ಓದಿನಲ್ಲಿ ಮುಂದು ಎಂದು ಹೆಸರಾದವರು, ಎಲ್ಲರಿಗೂ ಬೇಕಾದವರು ಗುಂಪಿನಲ್ಲಿ ಹೆಚ್ಚು ಮಾತಾಡುತ್ತಾರೆ; ಹೆಚ್ಚು ಮಾತಾಡಿದವರು ಹೆಚ್ಚು ಕಲಿಯುತ್ತಾರೆ; ಹೀಗೆ ಮೊದಲಿದ್ದ ಅಂತರ ಗುಂಪಿನಿಂದಲೇ ಬೆಳೆಯುತ್ತದೆ. ನಮ್ಮ ತರಗತಿಯಲ್ಲಿ ಇದಕ್ಕೆ ಜಾತಿ, ಮನೆಮಾತು, ಹುಡುಗ ಹುಡುಗಿ ಎಂಬ ಭೇದ ಎಲ್ಲವೂ ಸೇರಿಕೊಳ್ಳುತ್ತವೆ. ಅಳತೆಪಟ್ಟಿ ಹುಡುಗರ ಕೈಗೆ, ‘ಅಕ್ಷರ ಚೆನ್ನಾಗಿದೆ’ ಎಂದು ಬರೆಯುವ ಕೆಲಸ ಹುಡುಗಿಯರಿಗೆ. ಹಳಬರಿಗೆಲ್ಲ ಗೊತ್ತಿರುವ ಚಿತ್ರ.

ಕೋಹೆನ್ ಮತ್ತು ರೇಚಲ್ ಲೋಟನ್ ಬೆಳೆಸಿದ ‘ಕಾಂಪ್ಲೆಕ್ಸ್ ಇನ್‌ಸ್ಟ್ರಕ್ಷನ್’ ಇದಕ್ಕೆ ಅಂಕದ ಮದ್ದು ಕೊಡುವುದಿಲ್ಲ. ಒಬ್ಬರೇ ಮಾಡಿ ಮುಗಿಸಲಾಗದ, ಚಿತ್ರ ಬರೆಯುವ, ಅಳೆಯುವ, ಊಹಿಸುವ, ತರ್ಕ ಹೂಡುವ ಕೆಲಸಗಳನ್ನೆಲ್ಲ ಬೇಡುವ ಸಮಸ್ಯೆ ಕೊಡುತ್ತದೆ. ಆಮೇಲೆ ಶಿಕ್ಷಕರು ಸುಮ್ಮನಿದ್ದ ಮಗು ನಿಜವಾಗಿ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಎಲ್ಲರ ಮುಂದೆ, ಯಾವ ಕಾರಣಕ್ಕೆ ಒಳ್ಳೆಯದೆಂದು ಬಿಡಿಸಿ ಹೇಳುತ್ತಾರೆ. ಸುಳ್ಳು ಹೊಗಳಿಕೆ ನಡೆಯದು. ಮಕ್ಕಳು ಅದನ್ನು ಕ್ಷಣದಲ್ಲಿ ಹಿಡಿಯುತ್ತಾರೆ. ಈ ಪದ್ಧತಿಗೆ ಬೇಕಾದ ಸಮಸ್ಯೆಗಳನ್ನು ಹೆಣೆಯುವುದೇ ಕಷ್ಟ, ಇರುವ ಪಠ್ಯಪುಸ್ತಕದಲ್ಲಿ ಅವು ಸಿದ್ಧವಾಗಿ ಸಿಗುವುದು ಅಪರೂಪ.

ತಪ್ಪು ಕಲ್ಪನೆ: ಇದು ದೊಡ್ಡ ಮಕ್ಕಳ ನಲಿ-ಕಲಿ, ಹಾಗೆ ನೋಡಿದರೆ ಕೂಲಿಮಠದ ಕಾಲದಿಂದಲೂ ಇದೆ

ಎರಡೂ ಅರ್ಧ ನಿಜ. 1790ರ ದಶಕದಲ್ಲಿ ಮದರಾಸಿನ ಎಗ್ಮೋರ್ ಅನಾಥಾಲಯದಲ್ಲಿ ಆಂಡ್ರೂ ಬೆಲ್ ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದ. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದನ್ನು ಅವನು ಕಲಿತದ್ದು ಈ ನೆಲದ ಶಾಲೆಗಳಿಂದ. ಇಂಗ್ಲೆಂಡಿಗೆ ಮರಳಿ 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಆದರೆ ಆ ಪದ್ಧತಿಯಲ್ಲಿ ದೊಡ್ಡ ಹುಡುಗ ಚಿಕ್ಕವರಿಗೆ ಮಗ್ಗಿ ಹೇಳಿಸುವ ಮಾನಿಟರ್. ಅವನ ಯಶಸ್ಸು ಚಿಕ್ಕವರ ಕಲಿಕೆಗೆ ಕಟ್ಟಿಬಿದ್ದಿರಲಿಲ್ಲ. ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, ಒಂದರಿಂದ ಮೂರನೇ ತರಗತಿಯವರೆಗೆ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಕಾ ಏಣಿ ಹತ್ತುವ ಏರ್ಪಾಡು. ವಿದೇಶಿ ಪದ್ಧತಿಗಳಲ್ಲಿ ಅದಕ್ಕೆ ಹತ್ತಿರದ ಬಂಧು ಎಂದರೆ ಸ್ಲೇವಿನ್ ಬಳಗವೇ ಮೂರರಿಂದ ಆರನೇ ತರಗತಿಯ ಗಣಿತಕ್ಕೆಂದು ಕಟ್ಟಿದ ‘ಟೀಮ್ ಅಸಿಸ್ಟೆಡ್ ಇಂಡಿವಿಜುವಲೈಸೇಶನ್’. ಅಲ್ಲೂ ಪ್ರತಿ ಮಗು ತನ್ನ ಮಟ್ಟದ ಘಟಕದಲ್ಲಿ ದುಡಿಯುತ್ತದೆ, ಉತ್ತರಗಳನ್ನು ತಂಡದ ಗೆಳೆಯರು ತಾಳೆ ನೋಡುತ್ತಾರೆ. ಆ ಹೊತ್ತಿನಲ್ಲಿ ಶಿಕ್ಷಕರು ಬೇರೆಬೇರೆ ತಂಡಗಳಿಂದ ಒಂದೇ ಮಟ್ಟದವರನ್ನು ಕರೆದು ಪಾಠ ಮಾಡುತ್ತಾರೆ. ಗುಂಪು ಕೆಲಸ ಕೊಟ್ಟರೆ ಮೇಷ್ಟ್ರಿಗೆ ಬಿಡುವು ಎಂದುಕೊಂಡವರಿಗೆ ಇದೊಂದೇ ಉದಾಹರಣೆ ಸಾಕು. ನಮ್ಮಲ್ಲಿ ಆರನೇ ತರಗತಿಗೆ ಬಂದೂ ಭಾಗಾಕಾರ ಬಾರದ ಮಕ್ಕಳಿರುವ ಕಡೆ ಈ ಪದ್ಧತಿಗೆ ಹೆಚ್ಚು ಗಮನ ಸಿಗಬೇಕಿತ್ತು ಎಂಬುದು ನನ್ನ ಅನಿಸಿಕೆ.

ತಪ್ಪು ಕಲ್ಪನೆ: ಇದನ್ನೆಲ್ಲ ಮಾಡಿದರೆ ಪೋರ್ಷನ್ ಮುಗಿಯುವುದಿಲ್ಲ

ಈ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಪಾಠ, ತಂಡದ ಅಭ್ಯಾಸ, ಕಿರುಪರೀಕ್ಷೆ ಎಂದು ಸ್ಟ್ಯಾಡ್‌ನ ಒಂದು ಸುತ್ತಿಗೆ ಹಲವು ಪೀರಿಯಡ್ ಬೇಕು. ಟೂರ್ನಮೆಂಟಿಗೆ ಮೇಜು ಹಂಚಿ ಕೂರಿಸುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಐವತ್ತು ಮಕ್ಕಳ ಕೋಣೆಯಲ್ಲಿ ಗದ್ದಲವೂ ಆಗುತ್ತದೆ, ಪಕ್ಕದ ತರಗತಿಯವರು ಬಾಗಿಲಿಗೆ ಬರುತ್ತಾರೆ. ಹಾಗೆಂದು ಎಲ್ಲ ಪದ್ಧತಿಯೂ ಇಷ್ಟು ದುಬಾರಿಯಲ್ಲ. ಮೇರಿಲ್ಯಾಂಡಿನ ಫ್ರ್ಯಾಂಕ್ ಲೈಮನ್ 1981ರಲ್ಲಿ ಬರೆದ ‘ಥಿಂಕ್ ಪೇರ್ ಶೇರ್’ಗೆ ಬೆಂಚು ಕದಲಿಸುವುದೂ ಬೇಡ: ಒಂದು ನಿಮಿಷ ತಾನೇ ಯೋಚಿಸು, ಎರಡು ನಿಮಿಷ ಪಕ್ಕದವರ ಜೊತೆ ಮಾತಾಡು, ಆಮೇಲೆ ತರಗತಿಗೆ ಹೇಳು. ಹೇಳುವಾಗ ತನ್ನ ಉತ್ತರವಲ್ಲ, ಜೊತೆಗಾರನ ಉತ್ತರವನ್ನೂ ಅದರ ಕಾರಣವನ್ನೂ ಹೇಳಬೇಕು ಎಂಬ ನಿಯಮ ಸೇರಿಸಿದರೆ ಯಾರಿಗೂ ಕಿವಿ ಮುಚ್ಚಿ ಕೂರುವ ದಾರಿ ಇಲ್ಲ. ಸರಳ ಸಮೀಕರಣದ ಪಾಠದಲ್ಲಿ ಇದನ್ನು ದಿನಕ್ಕೊಂದು ಸಲ, ಇಂಪ್ರೂವ್‌ನ ಎರಡನೇ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟುಕೊಂಡು, ನಡೆಸಲು ಬೇಕಾದದ್ದು ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಐದು ನಿಮಿಷ. ಸ್ಟ್ಯಾಡ್‌ನ್ನು ಅಧ್ಯಾಯಕ್ಕೊಮ್ಮೆ, ರೂಪಣಾತ್ಮಕ ಮೌಲ್ಯಮಾಪನದ ಕಿರುಪರೀಕ್ಷೆ ಹೇಗೂ ಮಾಡಲೇಬೇಕಾದ ವಾರಕ್ಕೆ ಇಟ್ಟುಕೊಳ್ಳಬಹುದು. ಆಧಾರ ಅಂಕಗಳು ಅಂಕಪಟ್ಟಿಯಲ್ಲಿ ಆಗಲೇ ಇರುತ್ತವೆ.